ಮರದ ಕೆಳಗೆ ಕಾದವರು

ನಾನು ಶಿವಮೊಗ್ಗೆಯಲ್ಲಿ ಬಿ.ಎ. ತರಗತಿಯಲ್ಲಿ ಓದುತ್ತಿದ್ದ ಕಾಲ. 1977ನೆಯ ಇಸವಿಯ ಮಳೆಗಾಲ. ಹೊರಗೆ ಜಡಿಮಳೆ ಹಿಡಿದಿತ್ತು. ಹಂಚಿನ ಮಾಡಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದಿನಲ್ಲಿ ನಮ್ಮ ಇಂಗ್ಲಿಷ್ ಅಧ್ಯಾಪಕರ ಮಾತು ಅರ್ಧ ಕೇಳುತ್ತಿತ್ತು, ಅರ್ಧ ಕೇಳುತ್ತಿರಲಿಲ್ಲ. ಅವರು ಅಂದು ಪಠ್ಯಪುಸ್ತಕವನ್ನು ಬದಿಗಿಟ್ಟು ಸ್ಯಾಮ್ಯುಯೆಲ್ ಬೆಕೆಟ್ ಎಂಬ ಐರಿಷ್ ಲೇಖಕನ ನಾಟಕವೊಂದರ ಕಥೆಯನ್ನು ಹೇಳಲು ಹೊರಟಿದ್ದರು. ಕಥೆಯೆಂದು ಹೇಳಿಕೊಳ್ಳುವಂಥದು ಅದರಲ್ಲಿ ಏನೂ ಇರಲಿಲ್ಲ. ಒಂದು ದಾರಿ, ದಾರಿಯ ಬದಿಯಲ್ಲಿ ಒಂದು ಬೋಳುಮರ, ಮರದ ಕೆಳಗೆ ಇಬ್ಬರು ಅಲೆಮಾರಿಗಳು. ಗೋಡೋ ಎಂಬಾತನಿಗಾಗಿ ಅವರು ಕಾಯುತ್ತಿದ್ದಾರೆ. ಅವನು ಯಾರು, ಏತಕ್ಕೆ ಬರಬೇಕು ಎಂಬುದು ಅವರಿಗೂ ಸರಿಯಾಗಿ ತಿಳಿಯದು. ಹೊತ್ತು ಕಳೆಯಲು ಮಾತನಾಡುತ್ತಾರೆ, ಜಗಳವಾಡುತ್ತಾರೆ, ಮೂಲಂಗಿ ತಿನ್ನುತ್ತಾರೆ, ಬೂಟು ಕಳಚುತ್ತಾರೆ. ಸಂಜೆಯ ವೇಳೆಗೆ ಹುಡುಗನೊಬ್ಬ ಬಂದು, ಗೋಡೋ ಇಂದು ಬರುವುದಿಲ್ಲವೆಂದೂ ನಾಳೆ ತಪ್ಪದೆ ಬರುವನೆಂದೂ ತಿಳಿಸಿ ಹೋಗುತ್ತಾನೆ. ಎರಡನೆಯ ಅಂಕದಲ್ಲಿಯೂ ಅದೇ ದಾರಿ, ಅದೇ ಮರ, ಅದೇ ಸಂಜೆ, ಅದೇ ಸುದ್ದಿ. ಮರಕ್ಕೆ ನಾಲ್ಕಾರು ಎಲೆಗಳು ಬಂದಿರುತ್ತವೆ. ಅಷ್ಟೇ ವ್ಯತ್ಯಾಸ.

‘ಮುಂದೇನಾಯಿತು, ಸಾರ್?’ ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ.

‘ಮುಂದೇನೂ ಆಗಲಿಲ್ಲ’ ಎಂದರು ಅಧ್ಯಾಪಕರು. ತರಗತಿಯೆಲ್ಲ ನಕ್ಕಿತು. ಅವರು ಮಾತ್ರ ನಗಲಿಲ್ಲ.

ಅಂದಿನಿಂದ ನನಗೆ ಈ ಬಗೆಯ ನಾಟಕಗಳ ಹುಚ್ಚು ಹಿಡಿಯಿತು. ಗ್ರಂಥಾಲಯದಲ್ಲಿ ಮಾರ್ಟಿನ್ ಎಸ್ಲಿನ್ ಎಂಬ ವಿಮರ್ಶಕನ ಪುಸ್ತಕವೊಂದು ದೊರೆಯಿತು. ಬೆಕೆಟ್, ಅಯೊನೆಸ್ಕೊ, ಅಡಮೊವ್, ಜೆನೆ ಮೊದಲಾದ ನಾಟಕಕಾರರು ಒಬ್ಬರ ಕೈಹಿಡಿದು ಒಬ್ಬರು ನಡೆದವರಲ್ಲ. ಯಾವ ಸಂಘವನ್ನೂ ಕಟ್ಟಿದವರಲ್ಲ. ಅವರೆಲ್ಲರ ಬರಹದಲ್ಲಿ ಒಂದೇ ಬಗೆಯ ಕಳವಳವನ್ನು ಗುರುತಿಸಿ, ಅದಕ್ಕೆ ‘ಅಬ್ಸರ್ಡ್ ರಂಗಭೂಮಿ’ ಎಂಬ ಹೆಸರನ್ನು 1961ರಲ್ಲಿ ಪ್ರಚಾರಕ್ಕೆ ತಂದವನು ಎಸ್ಲಿನ್. ಕನ್ನಡದಲ್ಲಿ ಅದನ್ನು ‘ಅಸಂಗತ ನಾಟಕ’ ಎಂದು ಕರೆದರು. ‘ಅಸಂಬದ್ಧ ನಾಟಕ’ ಎಂದವರೂ ಉಂಟು. ಆದರೆ ಮೊದಲನೆಯ ಹೆಸರೇ ಹೆಚ್ಚು ಉಚಿತವೆಂದು ನನ್ನ ಅಭಿಪ್ರಾಯ. ಅಬ್ಸರ್ಡ್ ಎಂಬ ಮಾತಿಗೆ ಸಂಗೀತದಲ್ಲಿ ಶ್ರುತಿ ತಪ್ಪಿದ್ದು, ಮೇಳಕ್ಕೆ ಹೊಂದದ್ದು ಎಂಬ ಹಳೆಯ ಅರ್ಥವಿದೆಯಂತೆ. ಅಸಂಗತವೆಂದರೂ ಹೊಂದಿಕೆಯಿಲ್ಲದ್ದು, ಜೊತೆಗೆ ಸೇರದ್ದು ಎಂದೇ ಅರ್ಥ. ಹಾಡು ತಪ್ಪೋ ಶ್ರುತಿ ತಪ್ಪೋ ಎಂಬುದು ಬೇರೆಯ ಮಾತು.

ಈ ಕಳವಳ ಎಲ್ಲಿಂದ ಬಂದಿತೆಂಬುದನ್ನು ತಿಳಿಯಲು ಆ ಕಾಲದ ಯೂರೋಪನ್ನು ನೆನೆಯಬೇಕು. ಎರಡು ಮಹಾಯುದ್ಧಗಳು ಮೂವತ್ತು ವರ್ಷಗಳ ಅವಧಿಯಲ್ಲಿ ಆ ಖಂಡವನ್ನು ಸುಟ್ಟಿದ್ದವು. ಜ್ಞಾನವಿಜ್ಞಾನಗಳಲ್ಲಿ ತಾವೇ ಮುಂದೆಂದು ಬೀಗುತ್ತಿದ್ದ ದೇಶಗಳೇ ಮನುಷ್ಯರನ್ನು ಲಕ್ಷಗಟ್ಟಲೆ ಕೊಲ್ಲುವ ಕಾರ್ಖಾನೆಗಳನ್ನು ಕಟ್ಟಿದ್ದವು. ದೇವರು, ದೇಶ, ಪ್ರಗತಿ ಎಂಬ ದೊಡ್ಡ ಮಾತುಗಳು ಸವೆದ ನಾಣ್ಯಗಳಂತಾಗಿದ್ದವು. ಬೆಕೆಟ್ ಸ್ವತಃ ಜರ್ಮನರ ವಿರುದ್ಧ ಗುಪ್ತವಾಗಿ ದುಡಿದು, ಸಂಗಡಿಗರು ಸೆರೆಯಾದಾಗ ಪ್ಯಾರಿಸ್ ಬಿಟ್ಟು ಓಡಿ, ದಕ್ಷಿಣ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಅಡಗಿಕೊಂಡು ಯುದ್ಧ ಮುಗಿಯುವುದನ್ನೇ ಕಾಯುತ್ತಿದ್ದವನು. ಕಾಯುವುದೆಂದರೇನೆಂಬುದು ಅವನಿಗೆ ಪುಸ್ತಕದಿಂದ ತಿಳಿದ ವಿಷಯವಾಗಿರಲಿಲ್ಲ. ಆ ಯುದ್ಧದ ನಡುವೆಯೇ, 1942ರಲ್ಲಿ, ಆಲ್ಬರ್ಟ್ ಕಮೂ ಸಿಸಿಫಸನ ಪುರಾಣವನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದ. ದೇವತೆಗಳ ಶಾಪಕ್ಕೆ ಗುರಿಯಾದ ಸಿಸಿಫಸ್ ಬಂಡೆಯೊಂದನ್ನು ಬೆಟ್ಟದ ನೆತ್ತಿಗೆ ಉರುಳಿಸುತ್ತಾನೆ, ಅದು ಕೆಳಗುರುಳುತ್ತದೆ, ಮತ್ತೆ ಉರುಳಿಸುತ್ತಾನೆ. ಮನುಷ್ಯ ಅರ್ಥವನ್ನು ಕೇಳುತ್ತಾನೆ, ಜಗತ್ತು ಉತ್ತರ ಕೊಡದೆ ಸುಮ್ಮನಿರುತ್ತದೆ. ಆ ಕೇಳಿಕೆ ಮತ್ತು ಈ ಮೌನ ಎದುರುಬದುರಾದಾಗ ಹುಟ್ಟುವುದೇ ಅಸಂಗತ ಎಂಬುದು ಕಮೂನ ವಿಚಾರ. ಇದನ್ನು ಓದಿದಾಗ ನನಗೆ ನೆನಪಾದದ್ದು ನನ್ನ ಅಜ್ಜಿ ಹೇಳುತ್ತಿದ್ದ ಬೇತಾಳದ ಕಥೆ. ವಿಕ್ರಮರಾಜ ಹೆಣವನ್ನು ಹೆಗಲಿಗೇರಿಸಿ ನಡೆಯುತ್ತಾನೆ. ಬಾಯಿ ತೆರೆದರೆ ಬೇತಾಳ ಮತ್ತೆ ಮರವೇರುತ್ತದೆ. ಆದರೆ ವಿಕ್ರಮನ ಕಥೆಗೆ ಕೊನೆಯುಂಟು. ಸಿಸಿಫಸನ ಬಂಡೆಗೆ ಅದಿಲ್ಲ.

ಅಯೊನೆಸ್ಕೊ ಬೇರೆಯ ದಾರಿಯಿಂದ ಇಲ್ಲಿಗೇ ಬಂದು ತಲುಪಿದವನು. ರುಮೇನಿಯದಲ್ಲಿ ಹುಟ್ಟಿ ಫ್ರೆಂಚಿನಲ್ಲಿ ಬರೆದ ಈತ ಇಂಗ್ಲಿಷ್ ಕಲಿಯಲೆಂದು ಸ್ವಯಂಬೋಧಿನಿಯೊಂದನ್ನು ಕೊಂಡು ತಂದು ಅದರ ವಾಕ್ಯಗಳನ್ನು ಬರೆದು ಬರೆದು ಕಂಠಪಾಠ ಮಾಡಲು ಕುಳಿತ. ವಾರಕ್ಕೆ ಏಳು ದಿನ, ನೆಲ ಕೆಳಗಿದೆ, ಮಾಳಿಗೆ ಮೇಲಿದೆ ಎಂಬಂಥ ಪರಮ ಸತ್ಯಗಳು ಅದರಲ್ಲಿದ್ದವು. ಗಂಡಹೆಂಡಿರು ತಮಗೆ ಎಷ್ಟು ಮಕ್ಕಳೆಂದು ಪರಸ್ಪರ ತಿಳಿಸಿಕೊಳ್ಳುತ್ತಿದ್ದರು. ಓದುತ್ತಾ ಓದುತ್ತಾ ಆ ಮಾತುಗಳು ಅವನ ಕಣ್ಣೆದುರಿಗೆ ಹುಳಿತು ಒಡೆದುಹೋದವು. ಇಂಗ್ಲಿಷ್ ಬರಲಿಲ್ಲ, 1950ರಲ್ಲಿ ರಂಗಕ್ಕೆ ಬಂದ ‘ಬೋಳುತಲೆಯ ಗಾಯಕಿ’ ಎಂಬ ನಾಟಕ ಹುಟ್ಟಿತು. ಅದರಲ್ಲಿ ಗಾಯಕಿಯೂ ಇಲ್ಲ, ಬೋಳುತಲೆಯೂ ಇಲ್ಲ. ಐದನೆಯ ತರಗತಿಯಲ್ಲಿ ಇಂಗ್ಲಿಷ್ ವಾಚಕವನ್ನು ರಾಗವಾಗಿ ಒದರಿ, ಒಂದು ಪದಕ್ಕೂ ಅರ್ಥ ತಿಳಿಯದೆ ಮೆಚ್ಚುಗೆ ಗಳಿಸಿದ್ದ ನನಗೆ ಅಯೊನೆಸ್ಕೊನ ಕಷ್ಟ ಕೂಡಲೇ ಅರ್ಥವಾಯಿತು.

ಈ ನಾಟಕಗಳು ಆಕಾಶದಿಂದ ಉದುರಿದವಲ್ಲ. ಫ್ರಾನ್ಸಿನ ಆಲ್ಫ್ರೆಡ್ ಜಾರಿ 1896ರಲ್ಲಿಯೇ ಉಬು ಎಂಬ ಹೊಟ್ಟೆಬಾಕ ದೊರೆಯನ್ನು ರಂಗಕ್ಕೆ ತಂದು ಪ್ಯಾರಿಸಿನ ಸಭ್ಯರನ್ನು ರೇಗಿಸಿದ್ದ. ಕಾರಣ ತಿಳಿಯದ ಅಪರಾಧಕ್ಕೆ ವಿಚಾರಣೆಗೆ ಗುರಿಯಾಗುವ ಮನುಷ್ಯನನ್ನು ಕಾಫ್ಕಾ ತನ್ನ ಕಾದಂಬರಿಯಲ್ಲಿ ಚಿತ್ರಿಸಿದ್ದ. 1916ರಲ್ಲಿ ಜ್ಯೂರಿಕ್ ನಗರದಲ್ಲಿ ಸೇರಿದ ದಾದಾ ಪಂಥದ ಕವಿಗಳು ಅರ್ಥವಿಲ್ಲದ ಶಬ್ದಗಳನ್ನೇ ಪದ್ಯವೆಂದು ಹಾಡಿದ್ದರು. ಇಂಗ್ಲೆಂಡಿನ ಲೂಯಿ ಕೆರಲ್ ಮಕ್ಕಳಿಗಾಗಿ ತಲೆಕೆಳಗಾದ ತರ್ಕದ ಲೋಕವೊಂದನ್ನು ಕಟ್ಟಿದ್ದ. ಇವೆಲ್ಲ ಪಂಡಿತರು ಹೇಳುವ ಪ್ರಭಾವಗಳು. ಆದರೆ ಬೆಕೆಟ್‌ನ ಅಲೆಮಾರಿಗಳು ಟೊಪ್ಪಿಗೆಗಳನ್ನು ಅದಲುಬದಲು ಮಾಡಿಕೊಳ್ಳುವ ದೃಶ್ಯವನ್ನು ಓದಿದವರಿಗೆ ಅವರ ನಿಜವಾದ ಪೂರ್ವಜರು ಸರ್ಕಸ್ಸಿನ ವಿದೂಷಕರೂ ಮೂಕಿಚಿತ್ರದ ಚಾಪ್ಲಿನ್, ಕೀಟನ್ ಮೊದಲಾದವರೂ ಎಂಬುದು ಹೊಳೆಯದಿರದು. ಚಾಪ್ಲಿನ್ನನನ್ನು ನಾವು ಟೂರಿಂಗ್ ಟಾಕೀಸಿನ ಡೇರೆಯಲ್ಲಿ ನೆಲದ ಮೇಲೆ ಕುಳಿತು ನೋಡಿದವರು. ಸೊರಬ, ಸಾಗರಗಳ ಕಡೆಯ ಯಕ್ಷಗಾನದಲ್ಲಿ ಕೋಡಂಗಿಯನ್ನೂ ಕಂಡಿದ್ದೆವು. ಕಥೆ ಆರಂಭವಾಗುವುದಕ್ಕೆ ಮೊದಲು, ದೊಡ್ಡ ವೇಷಗಳು ಬಣ್ಣ ಹಚ್ಚಿಕೊಳ್ಳುತ್ತಿರುವಾಗ, ಈ ಕೋಡಂಗಿ ಬಂದು ಕುಣಿಯುತ್ತಾನೆ. ಅವನಿಗೆ ಕಥೆಯಿಲ್ಲ. ರಾಜರು ಬರುವವರೆಗೆ ರಂಗವನ್ನು ಬರಿದಾಗಬಿಡದಿರುವುದೇ ಅವನ ಕೆಲಸ. ರಾಜರು ಬಾರದೆಯೇ ಹೋದರೆ ಅವನ ಗತಿಯೇನು? ಬೆಕೆಟ್ ಕೇಳಿದ್ದು ಆ ಪ್ರಶ್ನೆಯನ್ನೇ ಎಂದು ನನಗೆ ಎಷ್ಟೋ ಸಾರಿ ಅನಿಸಿದೆ.

ಪರೀಕ್ಷೆ ಮುಗಿಸಿ 1978ರ ಬೇಸಗೆಯಲ್ಲಿ ಊರಿಗೆ ಬಂದಾಗ ನನ್ನ ತಲೆಯ ತುಂಬ ಇವೇ ಇದ್ದವು. ನಮ್ಮೂರು ಶಿಕಾರಿಪುರ ತಾಲ್ಲೂಕಿನಲ್ಲಿ, ಬಳ್ಳಿಗಾವಿಗೆ ಸಮೀಪದ ಒಂದು ಸಣ್ಣ ಹಳ್ಳಿ. ಜಾತ್ರೆಯ ಮರುದಿನ ಪ್ರತಿವರ್ಷವೂ ಕಂಪನಿ ನಾಟಕದ ಮಾದರಿಯಲ್ಲಿ ಏನಾದರೊಂದು ಆಡುವ ವಾಡಿಕೆಯಿತ್ತು. ಆ ವರ್ಷ ಗೋಡೋ ನಾಟಕವನ್ನೇ ಆಡಬೇಕೆಂದು ನಾನು ಹಟ ಹಿಡಿದೆ. ಓದಿದ ಹುಡುಗನೆಂಬ ಗೌರವದಿಂದ ಗೆಳೆಯರು ಒಪ್ಪಿದರು. ನೋಟುಪುಸ್ತಕವೊಂದರಲ್ಲಿ ನನಗೆ ತಿಳಿದಂತೆ ಕನ್ನಡಿಸಿ, ಬಹಳಷ್ಟನ್ನು ಕತ್ತರಿಸಿ, ಒಂದೂವರೆ ಗಂಟೆಯ ಆಟವನ್ನು ಸಿದ್ಧಪಡಿಸಿದೆ. ಅಮೆರಿಕದ ಸ್ಯಾನ್ ಕ್ವೆಂಟಿನ್ ಎಂಬ ಸೆರೆಮನೆಯಲ್ಲಿ 1957ರ ನವೆಂಬರ್ 19ರಂದು ಸುಮಾರು 1,400 ಕೈದಿಗಳ ಎದುರಿಗೆ ಈ ನಾಟಕವನ್ನು ಆಡಿದರೆಂದೂ, ಪಂಡಿತರಿಗೆ ಅರ್ಥವಾಗದ ನಾಟಕ ಕೈದಿಗಳಿಗೆ ಸುಲಭವಾಗಿ ಅರ್ಥವಾಯಿತೆಂದೂ ಎಸ್ಲಿನ್ ತನ್ನ ಪುಸ್ತಕದ ಮೊದಲಿಗೇ ಬರೆದಿದ್ದ. ನಾನೂ ಅಂಥದೊಂದು ಪ್ರಯೋಗವನ್ನು ಮಾಡುತ್ತಿದ್ದೇನೆಂಬ ಹೆಮ್ಮೆ ನನಗಿತ್ತು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಬಳ್ಳಿಗಾವಿಯ ಕೆರೆಯ ಏರಿಯ ಮೇಲೆ ನಾವು ಅಭ್ಯಾಸ ಮಾಡುತ್ತಿದ್ದೆವು. ದಣಿವಾದಾಗ ಕೇದಾರೇಶ್ವರ ದೇವಾಲಯದ ಕಲ್ಲುಮಂಟಪದಲ್ಲಿ ಹೋಗಿ ಕೂರುತ್ತಿದ್ದೆವು. ಈ ಬಳ್ಳಿಗಾವಿ ಅಲ್ಲಮಪ್ರಭುವಿನ ಊರು. ಅಕ್ಕಮಹಾದೇವಿಯ ಉಡುತಡಿಯೂ ಇಲ್ಲಿಂದ ದೂರವಲ್ಲ. ಅಲ್ಲಮ ಮದ್ದಳೆ ನುಡಿಸುವವನಾಗಿದ್ದನೆಂಬುದನ್ನು ಹರಿಹರ ಕವಿ ತನ್ನ ರಗಳೆಯಲ್ಲಿ ಹೇಳಿದ್ದಾನೆ. ಪ್ರೀತಿಯ ಕಮಲತೆ ಜ್ವರದಿಂದ ತೀರಿಹೋದಾಗ ಅಲ್ಲಮನ ಲೋಕವೇ ಶ್ರುತಿ ತಪ್ಪುತ್ತದೆ. ಮರುಳನಂತೆ ಅಲೆಯುತ್ತಾನೆ. ತೋಟವೊಂದರಲ್ಲಿ ಸುಮ್ಮನೆ ಕುಳಿತು ಕಾಲುಗುರಿನಿಂದ ನೆಲವನ್ನು ಕೆರೆಯುತ್ತಿರುವಾಗ ಮಣ್ಣಿನೊಳಗಿಂದ ಹೊನ್ನ ಕಳಸವೊಂದು ಇಣುಕುತ್ತದೆ. ಅಗೆಸಿದರೆ ಅಲ್ಲೊಂದು ಗುಡಿ. ಒಳಗೆ ರೆಪ್ಪೆ ಮಿಟುಕಿಸದೆ ಕುಳಿತ ಅನಿಮಿಷಯ್ಯ. ಅವನ ಕೈಯ ಲಿಂಗ ಅಲ್ಲಮನ ಕೈಗೆ ಬರುತ್ತದೆ. ಅವನ ಪ್ರಾಣ ಹೋಗುತ್ತದೆ. ಗುರು ಒಂದು ಮಾತನ್ನೂ ಆಡುವುದಿಲ್ಲ.

ಮುಂದೆ ಗುಹೇಶ್ವರನ ಅಂಕಿತದಲ್ಲಿ ವಚನಗಳನ್ನು ನುಡಿದ ಅಲ್ಲಮನ ಭಾಷೆ ಲೋಕದ ಭಾಷೆಯಂತಿಲ್ಲ. ಅವನ ಬೆಡಗಿನ ವಚನಗಳಲ್ಲಿ ವಸ್ತುಗಳು ತಮ್ಮ ಸ್ವಭಾವವನ್ನು ಬಿಟ್ಟು ನಡೆಯುತ್ತವೆ. ಕಾರ್ಯಕಾರಣಗಳ ನೂಲು ಕಡಿದುಹೋಗಿರುತ್ತದೆ. ವಾಕ್ಯ ವ್ಯಾಕರಣಕ್ಕೆ ಸರಿಯಾಗಿದ್ದು ಅರ್ಥ ಮಾತ್ರ ಕೈಗೆ ಸಿಕ್ಕದೆ ಜಾರುತ್ತದೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನು ಅಲ್ಲಮನನ್ನು ನಡುವೆ ನಿಲ್ಲಿಸಿ ಶರಣರ ವಚನಗಳನ್ನು ಸಂವಾದವಾಗಿ ಜೋಡಿಸಿದ ‘ಶೂನ್ಯಸಂಪಾದನೆ’ಯಂತೂ ಓದಲು ನಾಟಕದಂತೆಯೇ ಇದೆ. ಹೀಗಿರಲಾಗಿ, ಬೆಕೆಟ್ ಹೇಳಿದ್ದನ್ನೆಲ್ಲ ನಮ್ಮ ಅಲ್ಲಮ ಎಂಟುನೂರು ವರ್ಷಗಳ ಹಿಂದೆಯೇ ಹೇಳಿಬಿಟ್ಟಿದ್ದಾನೆಂದು ನಾನು ಆ ಮಂಟಪದಲ್ಲಿ ಗೆಳೆಯರಿಗೆ ಭಾಷಣ ಮಾಡಿದೆ. ಈ ಬಗೆಯ ಹೆಮ್ಮೆಯ ಮಾತುಗಳನ್ನು ಆಮೇಲೆಯೂ ಅನೇಕರ ಬಾಯಲ್ಲಿ ಕೇಳಿದ್ದೇನೆ. ಅದು ಸರಿಯಲ್ಲ. ಅಲ್ಲಮ ಮಾತನ್ನು ಮುರಿಯುವುದು ಮಾತಿನ ಆಚೆಗಿರುವುದೊಂದನ್ನು ತಾನು ಕಂಡಿರುವುದರಿಂದ. ಅವನ ಬಯಲು ಬರಿದಲ್ಲ. ಬೆಕೆಟ್‌ನ ಅಲೆಮಾರಿಗಳ ಬಾಯಲ್ಲಿ ಮಾತು ತಾನಾಗಿಯೇ ಮುರಿಯುತ್ತದೆ, ಆಚೆಗೆ ಏನಿದೆಯೆಂಬುದು ಅವರಿಗೆ ತಿಳಿಯದು. ಅಲ್ಲಮ ನೆಲ ಕೆರೆದಾಗ ಕಳಸ ಕಂಡಿತು. ಇವರು ಎಷ್ಟು ಕೆರೆದರೂ ಮಣ್ಣೇ. ಆದರೂ ಅರ್ಥವಾಗದ ಮಾತನ್ನು ಕೇಳಿ ಹೆದರದ ಅಭ್ಯಾಸವೊಂದನ್ನು ನಮ್ಮ ಜನಕ್ಕೆ ಅಲ್ಲಮನೂ ಒಗಟು ಹೇಳುವ ಅಜ್ಜಿಯರೂ ಕಲಿಸಿಕೊಟ್ಟಿದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಇನ್ನು ನನ್ನ ತಂದೆಯವರ ವಿಷಯವನ್ನು ಹೇಳಬೇಕು. ಅವರು ಗೇಣಿದಾರರು. ಪಕ್ಕದ ಹೊಲವನ್ನು ಗೇಣಿಗೆ ಮಾಡುತ್ತಿದ್ದವರನ್ನು ನಾವು ಕಾಕಾ ಎಂದು ಕರೆಯುತ್ತಿದ್ದೆವು. ನಂಟರಲ್ಲದಿದ್ದರೂ ನಂಟರಿಗಿಂತ ಹೆಚ್ಚಿನವರು. ಉಳುವವನಿಗೇ ಭೂಮಿಯೆಂಬ ಕಾನೂನು 1974ರಲ್ಲಿ ಬಂದಾಗ ಇಬ್ಬರೂ ಒಂದೇ ದಿನ ಏಳನೆಯ ನಂಬರಿನ ನಮೂನೆಯಲ್ಲಿ ಅರ್ಜಿ ಹಾಕಿದ್ದರು. ಅಂದಿನಿಂದ ಆ ಇಬ್ಬರೂ ವಿಚಾರಣೆಯ ತಾರೀಖಿನಂದು ರೊಟ್ಟಿ ಬುತ್ತಿ ಕಟ್ಟಿಕೊಂಡು, ಬೆಳಗಿನ ಬಸ್ಸು ಹಿಡಿದು, ಒಂದು ಕಚೇರಿಯ ಮುಂದಿನ ಹೊಂಗೆಮರದ ಕೆಳಗೆ ಹೋಗಿ ಕೂರುತ್ತಿದ್ದರು. ಸಂಜೆ ಜವಾನ ಬಂದು ಮುಂದಿನ ತಾರೀಖನ್ನು ಕೂಗಿ ಹೇಳುತ್ತಿದ್ದ. ಇಬ್ಬರೂ ಹಿಂದಿರುಗುತ್ತಿದ್ದರು. ಆ ಮರ ಎಷ್ಟು ಸಾರಿ ಎಲೆ ಉದುರಿಸಿ ಎಷ್ಟು ಸಾರಿ ಚಿಗುರಿತೆಂಬುದನ್ನು ಕಾಕಾ ಲೆಕ್ಕವಿಟ್ಟಿದ್ದರು.

ನಾಟಕಕ್ಕೆ ಮೂರು ದಿನ ಮೊದಲು ಅಂಥದೊಂದು ತಾರೀಖು ಬಂದಿತ್ತು. ಹಿಂದಿನ ರಾತ್ರಿ ಅಪ್ಪ, ‘ನಾಳೆ ನೀನೂ ಬಾರಪ್ಪ. ಓದಿದಾಂವ ಒಬ್ಬ ಜೊತೀಗೆ ಇದ್ರೆ ಚಲೋ. ಯಾವ ಕಾಗದ ಕೇಳ್ತಾರೋ ನಮಗ ತಿಳಿಯಂಗಿಲ್ಲ’ ಎಂದರು. ಅಭ್ಯಾಸವಿದೆ, ಬರಲಾಗುವುದಿಲ್ಲ ಎಂದೆ. ಅಪ್ಪ ಮರುಮಾತಾಡಲಿಲ್ಲ. ಮರುದಿನ ರಾತ್ರಿ ಅವರು ತಡವಾಗಿ ಬಂದರು. ಕೈಕಾಲು ತೊಳೆಯುತ್ತಾ, ‘ಒಂದು ಕಾಗದ ಕಡಿಮಿ ಐತಂತ. ಮುಂದಿನ ತಾರೀಖು ಕೊಟ್ರು’ ಎಂದು ಅವ್ವನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ನಾನು ಮೂಲೆಯಲ್ಲಿ ಕುಳಿತು ಕಾಯುವವರ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದೆ.

ನಾಟಕದ ರಾತ್ರಿ ಊರೆಲ್ಲ ನೆರೆದಿತ್ತು. ಎರಡು ಗ್ಯಾಸ್‌ಲೈಟುಗಳ ಬೆಳಕು. ಸೀಮೆಎಣ್ಣೆ ಡಬ್ಬಿಯಲ್ಲಿ ಮಣ್ಣು ತುಂಬಿ ನೆಟ್ಟ ಒಣಕೊಂಬೆಯೇ ನಮ್ಮ ಮರ. ಜನ ಮೊದಲು ಹಾರ್ಮೋನಿಯಂ ಎಲ್ಲಿ ಎಂದು ಹುಡುಕಿದರು. ಆಮೇಲೆ ನಕ್ಕರು. ನಾವು ಗೋಡೋ ಎಂದದ್ದು ಹಿಂದೆ ಕುಳಿತವರಿಗೆ ಗೌಡ ಎಂದು ಕೇಳಿಸಿತು. ಗೌಡರಿಗಾಗಿ ಇಬ್ಬರು ಬಡವರು ಕಾಯುತ್ತಿದ್ದಾರೆಂದು ಸಭೆಯಲ್ಲಿ ಸುದ್ದಿ ಹರಡಿತು. ಅದರಿಂದ ನಾಟಕ ಎಷ್ಟು ಸ್ಪಷ್ಟವಾಯಿತೆಂದರೆ, ಮುಂದಿನ ಸಾಲಿನಲ್ಲಿದ್ದ ಊರ ಗೌಡರು ಎಲೆಯಡಿಕೆ ಜಗಿಯುವುದನ್ನೇ ನಿಲ್ಲಿಸಿದರು.

ಪೊಜೊ ಎಂಬ ಯಜಮಾನ ಲಕ್ಕಿ ಎಂಬ ಆಳಿನ ಕೊರಳಿಗೆ ಹಗ್ಗ ಕಟ್ಟಿ ಎಳೆದುತರುವ ದೃಶ್ಯ ಆ ನಾಟಕದಲ್ಲಿದೆ. ಯಜಮಾನ ‘ಯೋಚಿಸು’ ಎಂದು ಆಜ್ಞಾಪಿಸಿದಾಗ, ಅದುವರೆಗೆ ಮೂಕನಂತಿದ್ದ ಆಳು ಅರ್ಥವಿಲ್ಲದ ದೀರ್ಘ ಭಾಷಣವೊಂದನ್ನು ಉಸಿರುಗಟ್ಟಿ ಒದರುತ್ತಾನೆ. ಆ ಭಾಷಣವನ್ನು ಕನ್ನಡಿಸಲು ನನ್ನಿಂದಾಗಲಿಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ. ಗೋಡೆಯ ಗೂಡಿನಲ್ಲಿದ್ದ ಅಪ್ಪನ ಕಾಗದಗಳ ಕಟ್ಟನ್ನು ತೆಗೆದು, ಅದರಲ್ಲಿನ ಕಚೇರಿಯ ಮಾತುಗಳನ್ನೆಲ್ಲ ಹಿಂದುಮುಂದಾಗಿ ಪೋಣಿಸಿದ್ದೆ. ಸದರಿ ಸರ್ವೆ ನಂಬರು, ಮೇಲ್ಕಂಡ ಷೆಡ್ಯೂಲು, ಖುಷ್ಕಿ, ತರಿ, ಆಕಾರ, ಹದ್ದುಬಸ್ತು, ಚೆಕ್ಕುಬಂದಿ, ಪೂರ್ವಕ್ಕೆ ಹಳ್ಳ, ಸದರಿಯವರು ಖುದ್ದು ಹಾಜರಿರತಕ್ಕದ್ದು ಎಂದು ನನ್ನ ಗೆಳೆಯ ಒಂದೇ ಉಸಿರಿನಲ್ಲಿ ಹೇಳತೊಡಗಿದಾಗ ಸಭೆ ಬಿದ್ದುಬಿದ್ದು ನಕ್ಕಿತು. ಅಷ್ಟು ನಗೆಯನ್ನು ಯಾವ ಕಂಪನಿ ನಾಟಕದ ಹಾಸ್ಯಗಾರನೂ ನಮ್ಮೂರಿನಲ್ಲಿ ಗಳಿಸಿರಲಿಲ್ಲ. ಸ್ವಲ್ಪ ಹೊತ್ತಿಗೆ ನಗೆ ತಗ್ಗಿತು. ಗೆಳೆಯ ಹೇಳುತ್ತಲೇ ಇದ್ದ. ಆಮೇಲೆ ಯಾರೂ ನಗಲಿಲ್ಲ. ಪರದೆಯ ಮರೆಯಿಂದ ನೋಡಿದೆ: ಅಪ್ಪ ಮತ್ತು ಕಾಕಾ ಒಂದೇ ಕಂಬಳಿಯ ಮೇಲೆ ಮೊಣಕಾಲು ಹಿಡಿದು ಕುಳಿತು, ತಾರೀಖು ಕೂಗುವುದನ್ನು ಆಲಿಸುವವರಂತೆ ಆ ಮಾತುಗಳನ್ನು ಆಲಿಸುತ್ತಿದ್ದರು. ಹುಡುಗ ಬಂದು ನಾಳೆಯ ಸುದ್ದಿಯನ್ನು ಹೇಳಿದಾಗ ಕಾಕಾ ಗಟ್ಟಿಯಾಗಿ, ‘ಇಂವ ಆ ಜವಾನನ ತಮ್ಮ ಇರಬೇಕು’ ಎಂದರು.

ಮನೆಗೆ ನಡೆಯುವಾಗ ಅಪ್ಪ ಬಹಳ ಹೊತ್ತು ಸುಮ್ಮನಿದ್ದು ಒಂದು ಮಾತು ಕೇಳಿದರು: ‘ಅಲ್ಲಪ್ಪ, ಅವರಿಬ್ಬರೂ ಅಲ್ಲೇ ಯಾಕ ಕುಂತಾರ? ಅವನ ಮನಿಗೇ ಹೋಗಿ ಕೇಳಬಾರದೇನು?’

ಎಸ್ಲಿನ್ನನ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಗೋಡೋ ಯಾರೆಂದು ಕೇಳಿದವರಿಗೆ ಬೆಕೆಟ್, ಅದು ತನಗೆ ಗೊತ್ತಿದ್ದರೆ ನಾಟಕದಲ್ಲಿಯೇ ಹೇಳುತ್ತಿದ್ದೆನೆಂದು ಉತ್ತರಿಸಿದ್ದನಂತೆ. ಗೋಡೋನ ಮನೆ ಎಲ್ಲಿಯೆಂದು ಅವನನ್ನು ಯಾರಾದರೂ ಕೇಳಿದ್ದರೋ ಇಲ್ಲವೋ.

ಕನ್ನಡದ ಅಸಂಗತ ನಾಟಕಗಳನ್ನು ಓದುವಾಗಲೆಲ್ಲ ನನಗೆ ಅಪ್ಪನ ಆ ಪ್ರಶ್ನೆ ನೆನಪಾಗುತ್ತದೆ. ಶ್ರೀರಂಗರು 1960ರ ‘ಕೇಳು ಜನಮೇಜಯ’ದಂಥ ನಾಟಕಗಳಲ್ಲಿ ವಾಸ್ತವದ ಚೌಕಟ್ಟನ್ನು ಸಡಿಲಿಸಿ ದಾರಿ ಮಾಡಿದ್ದರು. ಬಂಗಾಳದ ಬಾದಲ್ ಸರ್ಕಾರರ ‘ಏವಂ ಇಂದ್ರಜಿತ್’ 1963ರಲ್ಲಿ ರಚಿತವಾಗಿ ದೇಶದ ತರುಣರನ್ನೆಲ್ಲ ಕಲಕಿತು. ನಮ್ಮಲ್ಲಿ ನ. ರತ್ನ ಅವರು ‘ಎಲ್ಲಿಗೆ’ಯನ್ನು ಬರೆದರು. ಅವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ನಿರ್ದೇಶಕರಾಗಿದ್ದವರು. ಮಾತು ಬಾರದವರಿಗೆ ಮಾತು ಬರಿಸುವ ಶಾಸ್ತ್ರವನ್ನು ಬಲ್ಲವರೇ ಮಾತು ಸೋಲುವ ಬಗೆಯ ನಾಟಕವನ್ನು ಬರೆದದ್ದು ನನಗೆ ಬಹಳ ಇಷ್ಟವಾದ ಸಂಗತಿ. ಚಂದ್ರಶೇಖರ ಪಾಟೀಲರು ‘ಕೊಡೆಗಳು’, ‘ಅಪ್ಪ’ ಮೊದಲಾದ ಕಿರುನಾಟಕಗಳನ್ನು ಬರೆದರು. ನಮ್ಮ ಜಿಲ್ಲೆಯ ಕೊನಗವಳ್ಳಿಯಲ್ಲಿ 1935ರಲ್ಲಿ ಹುಟ್ಟಿದ ಪಿ. ಲಂಕೇಶರ ‘ತೆರೆಗಳು’ ನಾಟಕವನ್ನೂ ಈ ಗುಂಪಿನಲ್ಲಿಯೇ ಸೇರಿಸುತ್ತಾರೆ. ಇವರಲ್ಲಿ ಹಲವರು ಇಂಗ್ಲಿಷ್ ಸಾಹಿತ್ಯವನ್ನು ಓದಿ ಪಾಠ ಹೇಳಿದವರು. ಪಶ್ಚಿಮದ ಪ್ರಭಾವವನ್ನು ಯಾರೂ ಮುಚ್ಚಿಟ್ಟುಕೊಳ್ಳಲಿಲ್ಲ.

ಆದರೆ ಇವರು ಮರದ ಕೆಳಗೆ ಹೆಚ್ಚು ಕಾಲ ಕೂರಲಿಲ್ಲ. ಪಾಟೀಲರು 1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ಅದನ್ನು ಪ್ರತಿಭಟಿಸಿ ಸೆರೆಮನೆಗೆ ಹೋದರು. ಅವರ ನಾಟಕ ಬೀದಿಗಿಳಿಯಿತು. ಲಂಕೇಶರು ‘ಸಂಕ್ರಾಂತಿ’ಯಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಹೊರಟರು, 1980ರಲ್ಲಿ ವಾರಪತ್ರಿಕೆಯನ್ನು ಆರಂಭಿಸಿ ಆಳುವವರ ಬಾಗಿಲು ತಟ್ಟಿದರು. ಅಸಂಗತ ನಾಟಕ ಕನ್ನಡದಲ್ಲಿ ಬೇರುಬಿಡಲಿಲ್ಲ, ಅದು ಹತ್ತು ವರ್ಷಗಳ ಫ್ಯಾಷನ್ ಮಾತ್ರ ಎಂದು ವಿಮರ್ಶಕರು ಹೇಳುವುದುಂಟು. ನನಗೆ ಹಾಗೆ ತೋರುವುದಿಲ್ಲ. ಯೂರೋಪಿನವರು ಕಾದದ್ದು ಸತ್ತುಹೋದ ದೇವರಿಗಾಗಿಯೋ ಏನೋ. ಅವನ ವಿಳಾಸ ಅವರಿಗೆ ತಿಳಿಯದು. ನಮ್ಮವರು ಕಾಯುತ್ತಿದ್ದ ಗೋಡೋನಿಗೆ ವಿಳಾಸವಿತ್ತು, ಕಚೇರಿಯಿತ್ತು, ಮೊಹರಿತ್ತು. ಅದನ್ನರಿತ ಲೇಖಕರು ಎದ್ದು ಅತ್ತ ನಡೆದರು. ಹಾಗೆಂದು ಬೆಕೆಟ್ ನಮಗೆ ಬೇಡವಾದವನೆಂದಲ್ಲ. ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನಿಂದ ನೀನಾಸಮ್ ‘ತಿರುಗಾಟ’ 1985ರಲ್ಲಿ ಹೊರಟ ಮೇಲೆ ಲೋಕದ ನಾಟಕಗಳು ನಮ್ಮ ಸೀಮೆಯ ಊರುಗಳಿಗೇ ಬರತೊಡಗಿದವು. ಅರ್ಥವಾಗದೆಂಬ ಭಯವನ್ನು ನಾನು ನೋಡುಗರ ಮುಖದಲ್ಲಿ ಕಾಣಲಿಲ್ಲ.

ನಾಟಕದ ಮರುದಿನ ಬೆಳಿಗ್ಗೆ ಸಾಮಾನುಗಳನ್ನು ಕಟ್ಟುವಾಗ ನನ್ನ ನೋಟುಪುಸ್ತಕದ ಹಾಳೆಗಳ ನಡುವೆ ಮಡಿಸಿದ ಕಾಗದವೊಂದು ಸಿಕ್ಕಿತು. ಬಿಚ್ಚಿ ನೋಡಿದೆ. ನಮ್ಮ ಹೊಲದ ಪಹಣಿಯ ನಕಲು. ಲಕ್ಕಿಯ ಭಾಷಣಕ್ಕೆಂದು ಕಟ್ಟಿನಿಂದ ತೆಗೆದದ್ದನ್ನು ತಿರುಗಿ ಇಡಲು ಮರೆತಿದ್ದೆ. ಕಚೇರಿಯಲ್ಲಿ ಕಡಿಮೆಯಾದ 'ಒಂದು ಕಾಗದ' ಅದೇ ಆಗಿತ್ತು. ಅಪ್ಪ ಅಷ್ಟರಲ್ಲಿ ಹೊಸ ನಕಲಿಗೆ ಅರ್ಜಿ ಕೊಟ್ಟು ಬಂದಿದ್ದರು. ಅದು ಕೈಗೆ ಬರಲು ಎರಡು ತಿಂಗಳು ಹಿಡಿಯಿತು. ಇಬ್ಬರ ಹೊಲಗಳೂ ಒಬ್ಬನೇ ಒಡೆಯನಿಗೆ ಸೇರಿದ್ದರಿಂದ ಇಬ್ಬರ ವಿಚಾರಣೆಯೂ ಒಟ್ಟಿಗೇ ಮುಂದಕ್ಕೆ ಹೋಯಿತು. ಆಮೇಲೆ ಮಳೆಗಾಲ, ಆಮೇಲೆ ಅಧಿಕಾರಿಗಳ ವರ್ಗಾವಣೆ, ಆಮೇಲೆ ಮತ್ತೇನೋ. 1979ರ ಶ್ರಾವಣದಲ್ಲಿ ಕಾಕಾ ತೀರಿಕೊಂಡರು. ಆದೇಶ ಬಂದದ್ದು 1981ರಲ್ಲಿ. ಕಾಕಾನ ಪಾಲಿನ ಹೊಲಕ್ಕೆ ಅವರ ಮಗ ಸಹಿ ಹಾಕಿದ. ಅಂದು ನಾನೂ ಹೋಗಿದ್ದೆ. ಅಪ್ಪ ಒಳಗೆ ಹೋಗುವುದಕ್ಕೆ ಮೊದಲು ಹೊಂಗೆಮರದ ಕೆಳಗೆ ಸ್ವಲ್ಪ ಹೊತ್ತು ಕುಳಿತರು. ಒಬ್ಬರೇ ಇದ್ದರೂ ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು ಕುಳಿತಿದ್ದರು.

ಆ ಒಂದು ಕಾಗದವಿದ್ದಿದ್ದರೆ ಎಲ್ಲವೂ ಅಂದೇ ಮುಗಿಯುತ್ತಿತ್ತೆಂದು ಹೇಳಲಾರೆ. ಮುಗಿಯುತ್ತಿರಲಿಲ್ಲವೆಂದೂ ಹೇಳಲಾರೆ. ಸಿಕ್ಕಿದ ದಿನವೇ ಅದನ್ನು ಯಾರಿಗೂ ಕಾಣದಂತೆ ಕಟ್ಟಿನೊಳಗೆ ಸೇರಿಸಿದೆ, ಅಪ್ಪನಿಗೆ ತಿಳಿಸಲಿಲ್ಲ. ಪ್ರತಿ ತಾರೀಖಿಗೂ ಆ ಕಟ್ಟನ್ನು ಬಿಚ್ಚಿ ಎಣಿಸಿ ಕಟ್ಟುತ್ತಿದ್ದವರು ಅವರು. ಒಂದು ಕಾಗದ ಹೆಚ್ಚಾದದ್ದು ಅವರ ಗಮನಕ್ಕೆ ಬಾರದೆ ಇದ್ದಿರಲಾರದು. ಅವರು ಎಂದೂ ಕೇಳಲಿಲ್ಲ.

ಅಪ್ಪ ಹೋದ ಮೇಲೆ ಆ ಕಟ್ಟು ನನ್ನ ಪಾಲಿಗೆ ಬಂದಿದೆ. ಹಳೆಯ ಪಹಣಿಯ ನಕಲು ಇನ್ನೂ ಅದರಲ್ಲಿದೆ. ಸರ್ವೆ ನಂಬರಿನ ಕೆಳಗೆ ಕೆಂಪು ಪೆನ್ಸಿಲಿನ ಗೆರೆ; ಅಪ್ಪನ ಹೆಸರಿರುವ ಸಾಲಿನ ಬದಿಯಲ್ಲಿ, ನಟನಿಗೆ ಕೊಟ್ಟ ಸೂಚನೆಯಾಗಿ, ನನ್ನ ಅಕ್ಷರದಲ್ಲಿ ‘ಇಲ್ಲಿ ಸ್ವಲ್ಪ ನಿಲ್ಲಬೇಕು’ ಎಂದು ಬರೆದಿದೆ.